ಕೊಟ್ಟ ಮಾತು, ಇಲ್ಲದ ಮೆಮೊರಿ

137. ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸಿಗ್ನಲ್ ಬಿದ್ದು ಸತ್ತ ಪ್ರೋಗ್ರಾಮಿನ ಲೆಕ್ಕವನ್ನು ಯುನಿಕ್ಸ್ ಶೆಲ್ 128ಕ್ಕೆ ಆ ಸಿಗ್ನಲ್‌ನ ಸಂಖ್ಯೆ ಕೂಡಿಸಿ ಬರೆಯುತ್ತದೆ. 9 ಎಂದರೆ ಸಿಗ್‌ಕಿಲ್. ತಡೆಯಲು ಬಾರದ, ಕೊನೆಯ ಮಾತಿಗೂ ಬಿಡುವು ಕೊಡದ ಸಾವು. ಹೀಗೆ ಸತ್ತ ಪ್ರೋಗ್ರಾಮಿನ ಸ್ವಂತ ಲಾಗ್ ತೆರೆದರೆ ಏನೂ ಸಿಗುವುದಿಲ್ಲ, ವಾಕ್ಯ ಅರ್ಧಕ್ಕೇ ನಿಂತಿರುತ್ತದೆ. ಕಾರಣ ಇರುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ. 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್' ಎಂದು ಶುರುವಾಗುವ ಸಾಲು, ಅದರ ಹಿಂದೆ ಪ್ರೊಸೆಸ್‌ನ ಸಂಖ್ಯೆ, ಕಂಸದೊಳಗೆ ಹೆಸರು (ಈ ಊರಿನಲ್ಲಿ ಹೆಚ್ಚಾಗಿ ಜಾವಾ), ಆಮೇಲೆ ಎರಡು ಮುಖ್ಯ ಅಂಕಿಗಳು: ಟೋಟಲ್-ವಿಎಂ, ಅನಾನ್-ಆರ್‌ಎಸ್‌ಎಸ್. ಮೊದಲನೆಯದು ಆಪರೇಟಿಂಗ್ ಸಿಸ್ಟಮ್ ಆ ಪ್ರೋಗ್ರಾಮಿಗೆ ಕೊಟ್ಟಿದ್ದ ಮಾತು. ಎರಡನೆಯದರಲ್ಲಿ ಪ್ರೋಗ್ರಾಮು ಅದರಿಂದ ನಿಜಕ್ಕೂ ವಸೂಲು ಮಾಡಿಕೊಂಡದ್ದು ಕಾಣುತ್ತದೆ. ಎರಡರ ನಡುವೆ ಹಲವು ಪಟ್ಟು ಅಂತರ ಇರುವುದು ಅಪರೂಪವಲ್ಲ. ಇಪ್ಪತ್ತೈದು ವರ್ಷಗಳಿಂದ ನಡೆದಿರುವ ವಾದವೆಲ್ಲ ಆ ಅಂತರದ ಮೇಲೆಯೇ ನಿಂತಿದೆ.

ಸುದ್ದಗುಂಟೆಪಾಳ್ಯದಂಥ ಬಡಾವಣೆಯಲ್ಲಿ ಇದು ದೂರದ ವಿಷಯವಲ್ಲ. ಡೇರಿ ಸರ್ಕಲ್ಲಿಗೂ ತಾವರೆಕೆರೆಗೂ ಹತ್ತಿರವಿರುವ, ಎಲ್ಲರ ಬಾಯಲ್ಲಿ ಎಸ್.ಜಿ. ಪಾಳ್ಯ ಆಗಿರುವ ಈ ಜಾಗದ ಪಿ.ಜಿ.ಗಳಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಷ್ಟೇ ಸಾಫ್ಟ್‌ವೇರ್ ಹುಡುಗ ಹುಡುಗಿಯರೂ ತುಂಬಿದ್ದಾರೆ. ರಾತ್ರಿ ಎರಡು ಗಂಟೆಗೆ ಫೋನು ಬಡಿದುಕೊಂಡು 'ಪಾಡ್ ಓಓಎಂ ಆಗಿದೆ', ಅಂದರೆ ಔಟ್ ಆಫ್ ಮೆಮೊರಿ ಆಗಿ ಪ್ರೋಗ್ರಾಮು ಸತ್ತಿದೆ, ಎಂಬ ಸಂದೇಶ ಬಂದರೆ ಎದ್ದು ಕೂರುವವರು ಇವರೇ. ಇದೇ 560029 ಪಿನ್‌ಕೋಡಿನಲ್ಲಿ, ಬನ್ನೇರುಘಟ್ಟ ರಸ್ತೆಯ ಸುಬ್ರಮಣ್ಯ ಆರ್ಕೇಡ್‌ನಲ್ಲಿ, ಐಬಿಎಂ ಇಂಡಿಯಾದ ನೋಂದಾಯಿತ ಕಚೇರಿ ಇತ್ತು. ಆ ಕಂಪನಿಯ ಭಾರತದ ಲಿನಕ್ಸ್ ತಂಡ ಈ ವಾದಕ್ಕೆ ಒಂದು ಮುಖ್ಯ ತಿರುವು ಕೊಟ್ಟಿತು. ಅದು ಮುಂದೆ ಬರುತ್ತದೆ. ಪ್ರಶ್ನೆ ಇಷ್ಟು: ಇರುವ ಮೆಮೊರಿ ಸಾಲದೆ ಬಂದಾಗ ಯಾವುದಾದರೂ ಪ್ರೋಗ್ರಾಮು ಸಾಯಲೇಬೇಕೆ, ಸಾಯುವುದಾದರೆ ಯಾವುದು, ಅದನ್ನು ತೀರ್ಮಾನಿಸುವವರು ಯಾರು? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದೆ ಮೊದಲೆರಡಕ್ಕೆ ಉತ್ತರ ಹುಡುಕಿದ್ದರಿಂದಲೇ ಈ ಚರ್ಚೆ ಇಷ್ಟು ಉದ್ದವಾಯಿತು ಎಂಬುದು ಈ ಲೇಖನದ ವಾದ.

ಇಲ್ಲದ್ದನ್ನು ಕೊಡುವುದಾಗಿ ಒಪ್ಪಿದ್ದು

ಬೆಂಗಳೂರಿನ ಯಾವುದೇ ಮದುವೆ ಛತ್ರದ ಅಡುಗೆಯವರು 'ಎಷ್ಟು ಎಲೆ' ಎಂದು ಕೇಳುತ್ತಾರೆಯೇ ಹೊರತು ಎಷ್ಟು ಆಹ್ವಾನ ಪತ್ರಿಕೆ ಹಂಚಿದಿರಿ ಎಂದು ಕೇಳುವುದಿಲ್ಲ. ಸಾವಿರ ಮನೆಗೆ ಪತ್ರಿಕೆ ಹೋಗಿದ್ದರೂ ಅಡುಗೆ ಆಗುವುದು ಅಂದಾಜಿನ ಮೇಲೆ. ಆಪರೇಟಿಂಗ್ ಸಿಸ್ಟಮ್‌ಗಳು ಮೆಮೊರಿ ಹಂಚುವುದೂ ಹೀಗೆಯೇ. ಪ್ರೋಗ್ರಾಮು ಒಂದು ಗಿಗಾಬೈಟ್ ಕೇಳಿದರೆ ಲಿನಕ್ಸ್ 'ಆಗಲಿ' ಎನ್ನುತ್ತದೆ, ಆದರೆ ಆ ಕ್ಷಣಕ್ಕೆ ಏನನ್ನೂ ಕೊಡುವುದಿಲ್ಲ. ಪ್ರೋಗ್ರಾಮು ಆ ಜಾಗದಲ್ಲಿ ಮೊದಲ ಸಲ ಏನಾದರೂ ಬರೆಯಲು ಹೋದಾಗ ಮಾತ್ರ 4 ಕಿಲೋಬೈಟ್‌ನ ಒಂದು ಪುಟ ತಂದಿಡುತ್ತದೆ. ಕೇಳಿದ್ದರಲ್ಲಿ ಎಷ್ಟೋ ಪಾಲನ್ನು ಪ್ರೋಗ್ರಾಮುಗಳು ಮುಟ್ಟುವುದೇ ಇಲ್ಲ. ಹಾಗಾಗಿ ಈ ಪದ್ಧತಿಯಿಂದ ಬಹಳ ಉಳಿತಾಯ. ಇದಕ್ಕೆ ಓವರ್‌ಕಮಿಟ್ ಎಂದು ಹೆಸರು.

ಇದನ್ನು ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಯುನಿಕ್ಸ್‌ನ ಹುಟ್ಟುಗುಣದಲ್ಲೇ ಇದರ ಬೇರಿದೆ. ಯುನಿಕ್ಸ್‌ನಲ್ಲಿ ಹೊಸ ಪ್ರೊಸೆಸ್ ಹುಟ್ಟುವುದು ಫೋರ್ಕ್ ಎಂಬ ಕ್ರಿಯೆಯಿಂದ: ಇರುವ ಪ್ರೊಸೆಸ್ ತನ್ನದೇ ತದ್ರೂಪು ಮಾಡಿಕೊಳ್ಳುತ್ತದೆ, ಎಷ್ಟೋ ಸಲ ಮರುಕ್ಷಣವೇ ಆ ತದ್ರೂಪು ತನ್ನ ಮೈಯನ್ನೆಲ್ಲ ಬಿಸುಟು ಬೇರೆ ಪ್ರೋಗ್ರಾಮಾಗುತ್ತದೆ. 12 ಗಿಗಾಬೈಟ್ ಹಿಡಿದಿರುವ ಪ್ರೊಸೆಸ್ ಒಂದು ಚಿಕ್ಕ ಕೆಲಸಕ್ಕೆ ಫೋರ್ಕ್ ಮಾಡಿದರೆ, ಕಾಗದದ ಲೆಕ್ಕದಲ್ಲಿ ಇನ್ನೂ 12 ಗಿಗಾಬೈಟ್ ಬೇಕು. ವಾಸ್ತವದಲ್ಲಿ ಕೆಲವೇ ಪುಟ ಸಾಕು. ಎರಡೂ ಒಂದೇ ಪುಟವನ್ನು ನೋಡುತ್ತಿದ್ದು, ಯಾರಾದರೂ ಬರೆದಾಗ ಮಾತ್ರ ಪ್ರತಿ ಮಾಡುವ ತಂತ್ರ ಬಂದ ಮೇಲೆ ಪೂರ್ಣ ಲೆಕ್ಕ ಹಿಡಿಯುವುದು ದುಂದು ಎನಿಸತೊಡಗಿತು. ಮೈಕ್ರೋಸಾಫ್ಟ್ ರಿಸರ್ಚ್‌ನ ಆಂಡ್ರ್ಯೂ ಬೌಮನ್ ಮತ್ತು ಮೂವರು ಸಂಗಡಿಗರು 2019ರ ಪ್ರಬಂಧವೊಂದರಲ್ಲಿ ಫೋರ್ಕ್ ಅನ್ನೇ ಕೈಬಿಡಬೇಕೆಂದು ವಾದಿಸಿದಾಗ ಮುಂದಿಟ್ಟ ಆಕ್ಷೇಪಗಳಲ್ಲಿ ಇದೂ ಒಂದು: ಅದು ಓವರ್‌ಕಮಿಟ್‌ಗೆ ಕುಮ್ಮಕ್ಕು ಕೊಡುತ್ತದೆ. ಫೋರ್ಕ್ ಹೋಗುವುದಂತೂ ಕಾಣೆ. ಆದರೆ ಇಲ್ಲದ ಮೆಮೊರಿಯ ಮೇಲೆ ಮಾಡುವ ಈ ಸಾಲದ ಮೂಲ ಹಾರ್ಡ್‌ವೇರ್‌ನ ಬಡತನವಲ್ಲ, ಪ್ರೊಸೆಸ್ ಹುಟ್ಟಿಸುವ ವಿಧಾನದಲ್ಲೇ ಇದೆ ಎಂಬ ಅವರ ಗುರುತು ಸರಿಯಾದದ್ದು.

ಹಾಸಿಗೆ ಇದ್ದಷ್ಟು ಕಾಲು ಚಾಚುವವರು

ಮೊದಲ ಪಂಥ ಸಾಲವನ್ನೇ ಒಪ್ಪುವುದಿಲ್ಲ. ರ‍್ಯಾಮ್ ಎಷ್ಟು, ರ‍್ಯಾಮ್‌ನ ಪುಟಗಳನ್ನು ಇಳಿಸಲು ಡಿಸ್ಕಿನಲ್ಲಿ ಸ್ವಾಪ್ ಎಂದು ಇಟ್ಟದ್ದೆಷ್ಟು ಕೂಡಿಸಿ, ಆ ಮೊತ್ತ ಮೀರಿದರೆ ಮುಂದಿನ ಬೇಡಿಕೆಗೆ 'ಇಲ್ಲ' ಎನ್ನಿ ಎಂಬುದು ಅದರ ನಿಲುವು. ವಿಂಡೋಸ್ ಇಂದಿಗೂ ಹೀಗೆಯೇ ಲೆಕ್ಕ ಇಡುತ್ತದೆ; ಸೊಲಾರಿಸ್ ಕೂಡ ಸ್ವಾಪ್ ಕಾದಿರಿಸಿಯೇ ಮಾತು ಕೊಡುತ್ತಿತ್ತು. ಲಿನಕ್ಸ್‌ಗೂ ಅಲನ್ ಕಾಕ್ಸ್ ಇಂಥದೊಂದು ಲೆಕ್ಕದ ವ್ಯವಸ್ಥೆ ಬರೆದುಕೊಟ್ಟರು. ಓವರ್‌ಕಮಿಟ್ ಸೆಟ್ಟಿಂಗನ್ನು 2ಕ್ಕೆ ತಿರುಗಿಸಿದರೆ ಅದು ಜಾರಿಗೆ ಬರುತ್ತದೆ. ಈ ಪಂಥದ ಬಲ ಸ್ಪಷ್ಟ. ಸೋಲು ಬಂದರೆ ಕೇಳಿದವನಿಗೇ, ಕೇಳಿದ ಗಳಿಗೆಯಲ್ಲೇ ಬರುತ್ತದೆ. ಯಾರೋ ಮಾಡಿದ ಸಾಲಕ್ಕೆ ಇನ್ಯಾರೋ ಸಾಯುವುದಿಲ್ಲ. 2004ರಲ್ಲಿ ಲಿನಕ್ಸ್ ಬಳಗದ ಆಂಡ್ರೀಸ್ ಬ್ರೌವರ್ ಬರೆದ ಲೇವಡಿಯೊಂದು ಇವರ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ: ವಿಮಾನ ಕಂಪನಿಯೊಂದು ಖರ್ಚು ಉಳಿಸಲು ಕಡಿಮೆ ಇಂಧನ ತುಂಬಿ ಹಾರಿಸುತ್ತದೆ, ಇಂಧನ ಮುಗಿಯುವ ಹಾಗಾದಾಗ ಯಾವ ಪ್ರಯಾಣಿಕನನ್ನು ಹೊರಗೆಸೆಯಬೇಕೆಂದು, ತೂಕದವನನ್ನೋ ಮುದುಕನನ್ನೋ ಎಂದು, ಎಂಜಿನಿಯರುಗಳು ಸೂತ್ರಗಳನ್ನು ತಿದ್ದುತ್ತ ಕೂತಿದ್ದಾರೆ. ಇಂಧನವನ್ನೇ ಸರಿಯಾಗಿ ತುಂಬಿ ಎಂದು ಯಾರೂ ಹೇಳುವುದಿಲ್ಲ.

ಲೇವಡಿ ಸೊಗಸಾಗಿದೆ, ಆದರೆ ಪೂರ್ತಿ ನಿಜವಲ್ಲ. ಮೊದಲ ತೊಡಕು ದುಂದಿನದು. ಲಿನಕ್ಸ್‌ನ ಕಟ್ಟುನಿಟ್ಟಿನ ವಿಧಾನದಲ್ಲಿ ಮೊದಲೇ ಇಟ್ಟಿರುವ ಅನುಪಾತ ಶೇ 50. ಸ್ವಾಪ್ ಇಲ್ಲದ 16 ಗಿಗಾಬೈಟ್ ಸರ್ವರ್‌ನಲ್ಲಿ ಇದನ್ನು ತಿದ್ದದೆ ಚಾಲೂ ಮಾಡಿದರೆ 8 ಗಿಗಾಬೈಟ್‌ಗೆ ಬಾಗಿಲು ಮುಚ್ಚುತ್ತದೆ, ಅರ್ಧ ಮನೆ ಖಾಲಿ ಇದ್ದರೂ. ಎರಡನೆಯದು ಇನ್ನೂ ಆಳದ್ದು: 'ಇಲ್ಲ' ಎಂಬ ಉತ್ತರವನ್ನು ಸರಿಯಾಗಿ ಕೇಳಿಸಿಕೊಳ್ಳುವ ಪ್ರೋಗ್ರಾಮುಗಳೇ ಕಡಿಮೆ. ಮೆಮೊರಿ ಸಿಗಲಿಲ್ಲ ಎಂದಾಗ ಓಡಬೇಕಾದ ಕೋಡನ್ನು ಬರೆದಿರುತ್ತಾರೆ, ಪರೀಕ್ಷಿಸಿರುವುದಿಲ್ಲ. ಕರ್ನಲ್ ತಾನೇ ಈ ವಿಷಯದಲ್ಲಿ ಶುದ್ಧವಲ್ಲ. ತನ್ನೊಳಗಿನ 8 ಪುಟ, ಅಂದರೆ 32 ಕಿಲೋಬೈಟ್‌ವರೆಗಿನ ಬೇಡಿಕೆಗಳಿಗೆ ಅದು ಹೆಚ್ಚು ಕಡಿಮೆ ಎಂದೂ 'ಇಲ್ಲ' ಎನ್ನುವುದಿಲ್ಲ ಎಂಬುದು 2014ರ ಕೊನೆಯಲ್ಲಿ ದೊಡ್ಡ ಚರ್ಚೆಯಾಯಿತು. ಕೆಲವು ಫೈಲ್‌ಸಿಸ್ಟಮ್ ಕೆಲಸ ಮಾಡುವವರಿಗೇ ಇದು ಸುದ್ದಿ! ದಶಕಗಳ ಕಾಲ ಓಡದೇ ಬಿದ್ದಿದ್ದ ಕೋಡ್ ಹಾದಿಯನ್ನು ನಂಬಿ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ ಈ ಪಂಥದ ಬಳಿ ಇನ್ನೂ ತಕ್ಕ ಉತ್ತರವಿಲ್ಲ.

ಎರಡು ಜನಪ್ರಿಯ ತಂತ್ರಾಂಶಗಳ ಕೈಪಿಡಿ ಪಕ್ಕಪಕ್ಕ ಇಟ್ಟು ನೋಡಿದರೆ ತಕರಾರು ಕಣ್ಣಿಗೆ ಕಟ್ಟುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಓವರ್‌ಕಮಿಟ್ ಅನ್ನು 2ಕ್ಕೆ ಇಡಿ ಎನ್ನುತ್ತದೆ, ಏಕೆಂದರೆ ಅದರ ಒಂದು ಮರಿ ಪ್ರೊಸೆಸ್ ಸಿಗ್‌ಕಿಲ್‌ಗೆ ಬಿದ್ದರೆ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂಬ ಭಯದಿಂದ ಮೂಲ ಪ್ರೊಸೆಸ್ ಉಳಿದ ಎಲ್ಲ ಸಂಪರ್ಕಗಳನ್ನೂ ಕಡಿದು ಮತ್ತೆ ಶುರುಮಾಡುತ್ತದೆ. ರೆಡಿಸ್ ಅದನ್ನೇ 1ಕ್ಕೆ, ಅಂದರೆ ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಕಡೆಗೆ, ಇಡಿ ಎನ್ನುತ್ತದೆ. ಅದು ತನ್ನ ದತ್ತಾಂಶವನ್ನು ಡಿಸ್ಕಿಗೆ ಇಳಿಸುವುದೇ ಫೋರ್ಕ್ ಮಾಡಿ. ಇವೆರಡೂ ಒಂದೇ ಯಂತ್ರದಲ್ಲಿ ಬಾಡಿಗೆಗಿದ್ದರೆ ಯಾರ ಮಾತು ನಡೆಯಬೇಕು? ಸೆಟ್ಟಿಂಗು ಇಡೀ ಯಂತ್ರಕ್ಕೆ ಒಂದೇ.

ಬಲಿಯ ಆಯ್ಕೆ

ಎರಡನೆಯ ಪಂಥ ಸಾಲವನ್ನು ಒಪ್ಪಿಕೊಂಡು, ವಸೂಲಿ ಬಿಗಿಯಾದ ದಿನ ಒಬ್ಬರನ್ನು ಬಲಿ ಕೊಟ್ಟು ಊರು ಉಳಿಸಿಕೊಳ್ಳೋಣ ಎನ್ನುತ್ತದೆ. ರಿಕ್ ವ್ಯಾನ್ ರೀಲ್ 1998ರಲ್ಲಿ ಬರೆಯತೊಡಗಿದ ಓಓಎಂ ಕಿಲ್ಲರ್, 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4ರ ಹೊತ್ತಿಗೆ ಕರ್ನಲ್‌ನ ಭಾಗವಾಗಿತ್ತು. ಅದಕ್ಕೂ ಮೊದಲು ಮೆಮೊರಿ ಮುಗಿದ ಗಳಿಗೆಯಲ್ಲಿ ಯಾರು ಒಂದು ಪುಟ ಕೇಳಿದರೋ ಅವರೇ ಸಾಯುತ್ತಿದ್ದರು. ಕುಡಿದವನು ಒಬ್ಬ, ಕೊನೆಯ ಲೋಟಕ್ಕೆ ಕೈಚಾಚಿದವನು ಇನ್ನೊಬ್ಬ. ರೀಲ್ ಇಟ್ಟುಕೊಂಡ ಗುರಿಗಳು ಚೆನ್ನಾಗಿದ್ದವು: ಆದಷ್ಟು ಕಡಿಮೆ ಕೆಲಸ ಹಾಳಾಗಬೇಕು, ಆದಷ್ಟು ಹೆಚ್ಚು ಮೆಮೊರಿ ಬಿಡುಗಡೆಯಾಗಬೇಕು, ಸಾಧ್ಯವಾದರೆ ಒಬ್ಬರೇ ಸಾಯಬೇಕು, ನೋಡಿದವರಿಗೆ ಅಚ್ಚರಿ ಆಗಬಾರದು. ಅದಕ್ಕೊಂದು ಕೆಡುಕಿನ ಅಂಕದ ಸೂತ್ರ. ಪ್ರೊಸೆಸ್ ಪಡೆದ ಒಟ್ಟು ಮೆಮೊರಿಯನ್ನು ಅದು ಬಳಸಿದ ಸಿಪಿಯು ಸಮಯದ ವರ್ಗಮೂಲದಿಂದ ಭಾಗಿಸಿ, ಅದು ಓಡುತ್ತಿರುವ ಕಾಲಕ್ಕಾಗಿ ಮತ್ತೆ ಭಾಗಿಸಿ, ಆದ್ಯತೆ ಇಳಿಸಿದ್ದರೆ ಅಂಕ ಇಮ್ಮಡಿ, ರೂಟ್ ಬಳಕೆದಾರನದಾದರೆ ಕಾಲು ಪಾಲು. ಹಳೆಯದು, ದುಡಿದದ್ದು, ದೊಡ್ಡವರದ್ದು ಉಳಿಯಬೇಕು. ಹೊಸದು, ದುಡಿಯದ್ದು ಹೋಗಬೇಕು. ಹಲವು ವರ್ಷ ಲಾಗ್‌ನಲ್ಲಿ ಬರುತ್ತಿದ್ದ ಸಾಲಿನ ಕೊನೆಗೆ 'ಆರ್ ಸ್ಯಾಕ್ರಿಫೈಸ್ ಚೈಲ್ಡ್', ಅಂದರೆ ಇಲ್ಲವೇ ಮಗುವನ್ನು ಬಲಿ ಕೊಡು ಎಂಬ ಮಾತಿರುತ್ತಿತ್ತು. ತಾಯಿ ಪ್ರೊಸೆಸ್‌ನ ಬದಲು ಅದರ ಮರಿಯನ್ನು ಮೊದಲು ಕೊಲ್ಲುವ ನಿಯಮ ಅದು. ನಮ್ಮ 'ಕೆರೆಗೆ ಹಾರ' ಜನಪದ ಗೀತೆ ಬಲ್ಲವರಿಗೆ ಈ ಸಾಲು ಓದುವಾಗ ಮೈ ಜುಂ ಎನ್ನದೇ ಇರದು. ಅಲ್ಲಿಯೂ ಆಯ್ಕೆಗೊಂದು ತರ್ಕವಿತ್ತು, ಒಬ್ಬೊಬ್ಬ ಸೊಸೆಯನ್ನು ಉಳಿಸಲು ಒಂದೊಂದು ಕಾರಣವಿತ್ತು, ಲೆಕ್ಕ ಬಂದು ನಿಂತದ್ದು ಕಿರಿಯವಳಾದ ಭಾಗೀರಥಿಯ ಮೇಲೆ.

ಸೂತ್ರ ನಡೆಯಲಿಲ್ಲ. ಮಾತಾಗಿ ಪಡೆದ ಮೆಮೊರಿಯನ್ನೇ ಅಳೆಯುತ್ತಿದ್ದುದರಿಂದ, ಕೇಳಿ ಬಳಸದೆ ಸುಮ್ಮನಿದ್ದ ಪಾಪದ ಪ್ರೋಗ್ರಾಮುಗಳ ಅಂಕ ಏರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗೂಗಲ್‌ನ ಡೇವಿಡ್ ರಿಯೆಂಟ್‌ಜೆಸ್ 2010ರಲ್ಲಿ ಇದನ್ನು ಹೊಸದಾಗಿ ಬರೆದರು, ಲಿನಕ್ಸ್ 2.6.36ರಲ್ಲಿ ಅದು ಸೇರಿತು. ವರ್ಗಮೂಲಗಳು ಹೋದವು. ನಿಜಕ್ಕೂ ಹಿಡಿದಿರುವ ಪುಟಗಳು, ಸ್ವಾಪ್‌ನಲ್ಲಿರುವವು ಇಷ್ಟನ್ನು ಒಟ್ಟು ಮೆಮೊರಿಯ ಸಾವಿರಕ್ಕೆ ಇಂತಿಷ್ಟು ಎಂದು ಅಳೆಯುವ ಸರಳ ಅಂಕ ಬಂತು. ಜೊತೆಗೆ ಯಂತ್ರದ ಒಡೆಯ -1000ದಿಂದ 1000ದವರೆಗೆ ಯಾವುದಾದರೂ ಹೊಂದಾಣಿಕೆ ಅಂಕ ಬರೆಯಬಹುದು. -1000 ಎಂದರೆ ಆ ಪ್ರೊಸೆಸ್‌ಗೆ ಅಭಯ.

ಇಲ್ಲೊಂದು ಒಪ್ಪಿಗೆ ಅಡಗಿದೆ. ಯಾವ ಪ್ರೋಗ್ರಾಮು ಅಮೂಲ್ಯ ಎಂಬುದು ಕರ್ನಲ್‌ಗೆ ಗೊತ್ತಾಗುವುದಿಲ್ಲ, ಗೊತ್ತಾಗುವಂತೆ ಯಾವ ಸೂತ್ರವೂ ಮಾಡಲಾರದು. ಅದಕ್ಕೆ ಗೊತ್ತಿರುವುದು ಗಾತ್ರ ಮಾತ್ರ. ಬೆಲೆಯನ್ನು ಹೊರಗಿನವರೇ ಹೇಳಬೇಕು. ಆದರೆ ಹೊರಗಿನವರಿಗೆ ಕೇಳಿದರೆ ತಮ್ಮದನ್ನು ಅಮುಖ್ಯ ಎನ್ನುವವರು ಯಾರು? ಪ್ರತಿ ತಂಡವೂ ತನ್ನ ಪ್ರೋಗ್ರಾಮಿಗೆ -1000 ಬರೆದುಕೊಂಡರೆ ಅಂಕಕ್ಕೆ ಅರ್ಥವಿಲ್ಲ. ಸೂತ್ರ ಸರಿಯಿದ್ದರೂ ಬಲಿ ಸಾಯದೇ ಇರುವ ತೊಂದರೆ ಬೇರೆ: ಸಾಯಬೇಕಾದ ಪ್ರೊಸೆಸ್ ಒಂದು ಬೀಗಕ್ಕಾಗಿ ಕಾಯುತ್ತಿರುತ್ತದೆ, ಬೀಗ ಹಿಡಿದವನು ಮೆಮೊರಿಗಾಗಿ ಕಾಯುತ್ತಿರುತ್ತಾನೆ. 2016ರ ಲಿನಕ್ಸ್ 4.6ರಲ್ಲಿ ಮಿಖಾಲ್ ಹೊಕೊ ಸೇರಿಸಿದ ಓಓಎಂ ರೀಪರ್ ಬಲಿಯಾದದ್ದು ಪೂರ್ತಿ ಸಾಯುವ ಮೊದಲೇ ಅದರ ಪುಟಗಳನ್ನು ಕಿತ್ತುಕೊಂಡು ಈ ಗಂಟನ್ನು ಬಿಡಿಸುತ್ತದೆ.

ಬೇಲಿ ಹಾಕಿದವರು

ಮೂರನೆಯ ಪಂಥಕ್ಕೆ ಬೆಂಗಳೂರಿನ ನಂಟಿದೆ. 'ಯಾರನ್ನು ಕೊಲ್ಲಬೇಕು' ಎಂಬ ಪ್ರಶ್ನೆಯನ್ನೇ ಅದು ಪಕ್ಕಕ್ಕಿಟ್ಟು 'ಯಾರ ಹೊಲದ ಒಳಗೆ' ಎಂದು ಕೇಳಿತು. ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಬೆಂಗಳೂರು ತಂಡದಲ್ಲಿದ್ದ ಬಲ್ಬೀರ್ ಸಿಂಗ್, ಓಪನ್‌ವಿಜೆಡ್‌ನ ಪಾವೆಲ್ ಎಮೆಲ್ಯಾನೊವ್ ಮೊದಲಾದವರೊಂದಿಗೆ 2007ರಲ್ಲಿ ರೂಪಿಸಿದ ಮೆಮೊರಿ ಕಂಟ್ರೋಲರ್ 2008ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 2.6.25ರಲ್ಲಿ ಸೇರಿತು. ಕರ್ನಲ್‌ನಲ್ಲಿ ಅದರ ಕೋಡಿರುವ ಫೈಲಿನ ತಲೆಯ ಮೇಲೆ ಇಂದಿಗೂ ಐಬಿಎಂ, 2007, ಬಲ್ಬೀರ್ ಸಿಂಗ್ ಎಂಬ ಮೂರೂ ಇವೆ. ಪ್ರೊಸೆಸ್‌ಗಳನ್ನು ಗುಂಪು ಮಾಡಿ ಪ್ರತಿ ಗುಂಪಿಗೆ ಇಂತಿಷ್ಟೇ ಮೆಮೊರಿ ಎಂದು ಮಿತಿ ಹಾಕುವುದು, ಮಿತಿ ಮೀರಿದರೆ ಮೊದಲು ಆ ಗುಂಪಿನ ಪುಟಗಳನ್ನೇ ತೆರವು ಮಾಡುವುದು, ಅದೂ ಆಗದಿದ್ದರೆ ಆ ಗುಂಪಿನೊಳಗೇ ಬಲಿ ಹುಡುಕುವುದು. ಆಗ ಎದ್ದ ಆಕ್ಷೇಪ ಖರ್ಚಿನದು. ಪ್ರತಿ 4 ಕಿಲೋಬೈಟ್ ಪುಟಕ್ಕೂ ಅದು ಯಾವ ಗುಂಪಿನದೆಂಬ ಚೀಟಿ ಅಂಟಿಸಬೇಕು. ಲಕ್ಷಾಂತರ ಪುಟಗಳಿರುವ ಯಂತ್ರದಲ್ಲಿ ಚೀಟಿಗಳ ತೂಕವೇ ಹೊರೆ. ಮುಂದಿನ ವರ್ಷಗಳಲ್ಲಿ ಆ ಚೀಟಿ ತೆಳುವಾಗುತ್ತ ಬಂತು, ಆದರೆ ಆಕ್ಷೇಪ ಅನ್ಯಾಯದ್ದೇನಾಗಿರಲಿಲ್ಲ.

ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಬೇಲಿಯೊಳಗಿಟ್ಟು ಓಡಿಸುವ ಡಾಕರ್ 2013ರಲ್ಲಿ, ಅಂಥ ಕಂಟೇನರ್‌ಗಳನ್ನು ಹಲವು ಯಂತ್ರಗಳಲ್ಲಿ ನಿಭಾಯಿಸುವ ಕುಬರ್ನೆಟಿಸ್ 2014ರಲ್ಲಿ ಬಂದಾಗ ಈ ಬೇಲಿ ಲೋಕದ ಸರ್ವರ್‌ಗಳ ಸಾಮಾನ್ಯ ನೆಲಗಟ್ಟಾಯಿತು. ಕುಬರ್ನೆಟಿಸ್‌ನಲ್ಲಿ ಪ್ರತಿ ಕಂಟೇನರ್‌ಗೆ ಎರಡು ಅಂಕಿ: ಬೇಕೇಬೇಕು ಎಂದು ಕೇಳುವ ರಿಕ್ವೆಸ್ಟ್, ಮೀರಬಾರದ ಲಿಮಿಟ್. ಬೆಲೆ ಹೇಳುವವರು ಯಾರು ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಮೊದಲ ಸಲ ಒಂದು ಮರ್ಯಾದೆಯ ಉತ್ತರ ಸಿಕ್ಕಿತು. ನಿಮ್ಮ ಪ್ರೋಗ್ರಾಮು ಅಮೂಲ್ಯವೇ? ಹಾಗಾದರೆ ಅಷ್ಟು ಮೆಮೊರಿಯನ್ನು ಮೊದಲೇ ಕಾದಿರಿಸಿ, ಅದರ ಬಾಡಿಗೆ ತೆರಿ. ರಿಕ್ವೆಸ್ಟ್ ಮತ್ತು ಲಿಮಿಟ್ ಎರಡನ್ನೂ ಸಮ ಇಟ್ಟವರ ಪ್ರೊಸೆಸ್‌ಗೆ ಹೊಂದಾಣಿಕೆ ಅಂಕ -997. ಏನೂ ಹೇಳದವರದಕ್ಕೆ 1000. ನಡುವಿನವರಿಗೆ ಅವರು ಕೇಳಿದ ಪಾಲಿನ ಮೇಲೆ, 16 ಗಿಗಾಬೈಟ್ ಯಂತ್ರದಲ್ಲಿ 1 ಗಿಗಾಬೈಟ್ ಕೇಳಿದವರಿಗೆ ಸುಮಾರು 938. ಬಾಯಿಮಾತಿನ ಮಹತ್ವಕ್ಕೆ ಇಲ್ಲಿ ಬೆಲೆಯಿಲ್ಲ, ಮುಂಗಡ ಕೊಟ್ಟಿರಬೇಕು. ಎಸ್.ಜಿ. ಪಾಳ್ಯದ ಪಿ.ಜಿ.ಯಲ್ಲಿ ಹಾಸಿಗೆ ಹಿಡಿಯುವ ಯಾರಿಗೂ ಈ ತರ್ಕ ಹೊಸದಲ್ಲ. ನನ್ನ ಮಟ್ಟಿಗೆ, ಇಡೀ ಚರ್ಚೆಯಲ್ಲಿ ಮುಂದಕ್ಕೆ ಹೋದ ಹೆಜ್ಜೆ ಇದೊಂದೇ. ಮಿಕ್ಕವು ಸೂತ್ರದ ತಿದ್ದುಪಡಿಗಳು.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದೇ. ಬೇಲಿ ಬಂದ ಮೇಲೆ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹಿಂದೆ ಇಡೀ ಯಂತ್ರದ ಮೆಮೊರಿ ಮುಗಿದರೆ ಮಾತ್ರ ಬರುತ್ತಿದ್ದ ಓಓಎಂ, ಈಗ 64 ಗಿಗಾಬೈಟ್ ಯಂತ್ರದಲ್ಲಿ 40 ಗಿಗಾಬೈಟ್ ಖಾಲಿ ಬಿದ್ದಿರುವಾಗಲೂ 2 ಗಿಗಾಬೈಟ್ ಬೇಲಿಯೊಳಗೆ ದಿನಕ್ಕೆ ಹತ್ತು ಸಲ ಆಗಬಹುದು. ಜಾವಾದ ಪ್ರಕರಣ ಇದರಲ್ಲಿ ಪ್ರಸಿದ್ಧ. ಜಾವಾ ವರ್ಚುವಲ್ ಮಷಿನ್ ತನ್ನ ಹೀಪ್‌ನ, ಅಂದರೆ ಪ್ರೋಗ್ರಾಮಿನ ದತ್ತಾಂಶ ಇಡುವ ಜಾಗದ, ಗರಿಷ್ಠ ಮಿತಿಯನ್ನು, ಬೇರೆ ಹೇಳದಿದ್ದರೆ, ಯಂತ್ರದ ಮೆಮೊರಿಯ ಕಾಲು ಪಾಲು ಎಂದು ಹಿಡಿಯುತ್ತದೆ. ಹಳೆಯ ಆವೃತ್ತಿಗಳಿಗೆ ಬೇಲಿ ಕಾಣುತ್ತಿರಲಿಲ್ಲ. ಹೀಗಾಗಿ 64 ಗಿಗಾಬೈಟ್ ಯಂತ್ರದ ಮೇಲಿನ 2 ಗಿಗಾಬೈಟ್ ಕಂಟೇನರ್‌ನಲ್ಲಿ ಕೂತ ಜಾವಾ ತನಗೆ 16 ಗಿಗಾಬೈಟ್ ಇದೆಯೆಂದುಕೊಂಡು ಕಸ ಗುಡಿಸದೆ ಬೆಳೆಯುತ್ತಿತ್ತು, 2 ದಾಟಿದ ಕೂಡಲೇ 137. 2018ರಲ್ಲಿ ಜಾವಾ 10, ಆಮೇಲೆ ಜಾವಾ 8ರ 191ನೇ ತಿದ್ದುಪಡಿ ಬೇಲಿಯನ್ನು ನೋಡುವುದನ್ನು ಕಲಿತವು. ಆದರೂ ಹೀಪ್‌ನ ಹೊರಗೆ ಥ್ರೆಡ್‌ಗಳ ಸ್ಟ್ಯಾಕ್, ಕಂಪೈಲ್ ಆದ ಕೋಡು, ನೇರ ಬಫರ್‌ಗಳು ತಿನ್ನುವ ಪಾಲನ್ನು ಮರೆತು ಹೀಪ್‌ನಷ್ಟೇ ಲಿಮಿಟ್ ಇಡುವವರು ಇಂದಿಗೂ ಇದ್ದಾರೆ.

ಈ ಆಕ್ಷೇಪಕ್ಕೆ ಉತ್ತರ ಹೀಗೆ ಕೊಡಬಹುದು: ಸಾವಿನ ಸಂಖ್ಯೆ ಹೆಚ್ಚಿದರೂ ಸಾವಿನ ಅನ್ಯಾಯ ಕಡಿಮೆಯಾಗಿದೆ. ಲಿಮಿಟ್ ತಪ್ಪಾಗಿ ಬರೆದವರ ಪ್ರೋಗ್ರಾಮೇ ಸಾಯುತ್ತದೆ, ಪಕ್ಕದ ಮನೆಯದಲ್ಲ. ರಾತ್ರಿ ಏಳುವವರು ಬರೆದವರೇ. ದುಂದಿನ ಆಕ್ಷೇಪ ಮಾತ್ರ ಉಳಿಯುತ್ತದೆ. ಹೆದರಿದವರು ಬೇಲಿಯನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದು ಮಾಡುತ್ತಾರೆ, ಹಾಸಿಗೆ ಪಂಥದ ಖಾಲಿ ಮನೆ ಇನ್ನೊಂದು ಬಾಗಿಲಿನಿಂದ ಒಳಬರುತ್ತದೆ.

ಸಾಯುವ ಮುನ್ನದ ಉಬ್ಬಸ

ನಾಲ್ಕನೆಯ ಪಂಥದವರು ಕೊಲ್ಲುವ ಹೊತ್ತಿನ ಬಗ್ಗೆ ತಕರಾರು ಎತ್ತಿದರು. ಕರ್ನಲ್ ಕೊನೆಯ ಪುಟದವರೆಗೂ ಹೋರಾಡುತ್ತದೆ. ಪುಟಗಳನ್ನು ಡಿಸ್ಕಿಗೆ ಎಸೆದು, ಮರುಕ್ಷಣ ಮತ್ತೆ ಎಳೆದು ತಂದು, ಇಡೀ ಯಂತ್ರ ನಿಮಿಷಗಟ್ಟಲೆ ಕಲ್ಲಾಗಿ ನಿಲ್ಲುತ್ತದೆ. ಥ್ರ್ಯಾಶಿಂಗ್ ಎಂಬ ಈ ರೋಗವನ್ನು ಪೀಟರ್ ಡೆನಿಂಗ್ 1968ರಷ್ಟು ಹಿಂದೆಯೇ ವಿವರಿಸಿದ್ದರು. ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಓಓಎಂ ಕಿಲ್ಲರ್ ಬರುವಷ್ಟರಲ್ಲಿ ಬಳಕೆದಾರ ಪವರ್ ಬಟನ್ ಒತ್ತಿ ಹಿಡಿದಾಗಿರುತ್ತದೆ. ಫೇಸ್‌ಬುಕ್‌ನಲ್ಲಿದ್ದ ಯೊಹಾನಸ್ ವೀನರ್ 2018ರ ಡಿಸೆಂಬರ್‌ನ ಲಿನಕ್ಸ್ 4.20ರಲ್ಲಿ ತಂದ ಪಿಎಸ್‌ಐ ಈ ಉಬ್ಬಸವನ್ನೇ ಅಳೆಯುತ್ತದೆ: ಕಳೆದ 10, 60, 300 ಸೆಕೆಂಡುಗಳಲ್ಲಿ ಶೇಕಡ ಎಷ್ಟು ಹೊತ್ತು ಕೆಲಸಗಳು ಮೆಮೊರಿಗಾಗಿ ಕಾದು ನಿಂತವು. ಎಷ್ಟು ಖಾಲಿ ಇದೆ ಎಂಬುದಕ್ಕಿಂತ ಎಷ್ಟು ನರಳಾಟವಿದೆ ಎಂಬುದು ಸರಿಯಾದ ಅಳತೆ ಎಂಬ ಈ ಹೊಳಹು ದೊಡ್ಡದು. ಅದನ್ನು ನೋಡುತ್ತ ಕರ್ನಲ್‌ಗಿಂತ ಮೊದಲೇ ಕೊಲ್ಲುವ ಊಮ್‌ಡಿ, ಸಿಸ್ಟಮ್‌ಡಿ-ಊಮ್‌ಡಿ ಎಂಬ ಕಾವಲುಗಾರರು ಬಂದರು.

ಆದರೆ ಬೇಗ ಕೊಲ್ಲುವುದಕ್ಕೂ ತೆರಬೇಕಾದ ಬೆಲೆ ಇದೆ. 2022ರ ಉಬುಂಟು 22.04ರಲ್ಲಿ ಈ ಕಾವಲುಗಾರನನ್ನು ಮೊದಲೇ ಚಾಲೂ ಮಾಡಿ ಕೊಟ್ಟಾಗ, ನೋಡುತ್ತಿದ್ದ ಬ್ರೌಸರ್ ಕಣ್ಣೆದುರೇ ಮಾಯವಾಗುತ್ತಿದೆ ಎಂಬ ದೂರುಗಳ ಸುರಿಮಳೆ. ಯಂತ್ರ ಕಲ್ಲಾಗುವುದನ್ನು ತಪ್ಪಿಸಿದ್ದು ಯಾರಿಗೂ ಕಾಣಲಿಲ್ಲ, ಸತ್ತದ್ದು ಕಂಡಿತು. ಸ್ವಾಪ್ ಹಾಕಿಕೊಳ್ಳಬೇಕೇ ಬೇಡವೇ ಎಂಬ ಉಪಜಗಳವೂ ಇದಕ್ಕೇ ಸೇರಿದ್ದು. ಮೂಲ ಪ್ರಶ್ನೆಗೆ ಅದು ಸಮಯ ಕೊಳ್ಳುತ್ತದೆ, ಉತ್ತರ ಕೊಡುವುದಿಲ್ಲ.

ಅಂಗೈಯ ಫೋನು

ಫೋನಿನ ಕಥೆ ಬೇರೆ. ಅಲ್ಲಿ ಸಾವು ದುರಂತವಲ್ಲ, ದಿನಚರಿ. ಆಂಡ್ರಾಯ್ಡ್ ಪ್ರತಿ ಆ್ಯಪ್‌ಗೂ ಗಳಿಗೆಗಳಿಗೆಗೆ ಅಂಕ ಕೊಡುತ್ತಿರುತ್ತದೆ: ಕಣ್ಣೆದುರು ಇರುವುದಕ್ಕೆ 0, ಹಿನ್ನೆಲೆಯಲ್ಲಿ ಹಾಡು ಹಾಡುತ್ತಿರುವಂಥದಕ್ಕೆ 200ರ ಆಸುಪಾಸು, ಈಗಷ್ಟೇ ಬಿಟ್ಟು ಬಂದದ್ದಕ್ಕೆ 700, ಅಟ್ಟ ಸೇರಿದ್ದಕ್ಕೆ 900ರ ಮೇಲೆ. ಮೆಮೊರಿ ಬಿಗಿಯಾದಂತೆ ಮೇಲಿನಿಂದ ಕೊಯ್ಲು. ಇದನ್ನು ಮೊದಲು ಕರ್ನಲ್‌ನೊಳಗಿನ ಲೋ ಮೆಮೊರಿ ಕಿಲ್ಲರ್ ಮಾಡುತ್ತಿತ್ತು. 2017ರ ಲಿನಕ್ಸ್ 4.12ರಲ್ಲಿ ಅದನ್ನು ತೆಗೆದರು, ಕೆಲಸ ಹೊರಗಿನ ಕಾವಲುಗಾರನಿಗೆ ಹೋಯಿತು. ಆ್ಯಪ್ ಬರೆಯುವವರಿಗೆ ಮೊದಲ ದಿನದಿಂದ ಹೇಳಿಕೊಡುವ ಪಾಠವೇ, ನಿನ್ನ ಆ್ಯಪ್ ಯಾವಾಗ ಬೇಕಾದರೂ ಸಾಯಬಹುದು, ಸ್ಥಿತಿಯನ್ನು ಬರೆದಿಟ್ಟುಕೋ ಎಂದು.

ಪಾಠವನ್ನು ಎಲ್ಲರೂ ಕಲಿಯುವುದಿಲ್ಲ, ಅದರ ಫಲ ಉಣ್ಣುವವರು ಅಗ್ಗದ ಫೋನಿನವರು. 1 ಗಿಗಾಬೈಟ್ ಫೋನಿನಲ್ಲಿ ಅರ್ಜಿ ತುಂಬುತ್ತಿರುವವರು ಓಟಿಪಿ ನೋಡಲು ಎಸ್ಸೆಮ್ಮೆಸ್ ತೆರೆದು ಹಿಂತಿರುಗುವಷ್ಟರಲ್ಲಿ ಅರ್ಜಿಯ ಆ್ಯಪ್ ಸತ್ತು, ಮತ್ತೆ ಹುಟ್ಟಿ, ಖಾಲಿ ಪುಟ ತೋರಿಸುತ್ತದೆ. ಭಾರತದಲ್ಲಿ ಈ ಮಿತಿಯ ಪರೀಕ್ಷೆ ಇನ್ನೂ ಕೆಳಕ್ಕೆ ಹೋಗಿತ್ತು. 2014ರ ಆಗಸ್ಟ್‌ನಲ್ಲಿ 1,999 ರೂಪಾಯಿಗೆ ಬಂದ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್, ಫೈರ್‌ಫಾಕ್ಸ್ ಓಎಸ್ ಓಡಿಸುತ್ತಿದ್ದುದು 128 ಮೆಗಾಬೈಟ್‌ನಲ್ಲಿ. ಅದರ ವಂಶದ ಕೈಓಎಸ್ ಇರುವ ಜಿಯೋಫೋನ್ 2017ರಲ್ಲಿ 512 ಮೆಗಾಬೈಟ್‌ನೊಂದಿಗೆ ಬಂತು. ಸರ್ವರ್ ಲೋಕದಲ್ಲಿ ಬೆಲೆ ಹೇಳುವವರು ಬಾಡಿಗೆ ತೆರುವವರು. ಫೋನಿನಲ್ಲಿ ಬೆಲೆ ಹೇಳುವುದು ಬಳಕೆದಾರನ ಬೆರಳು, ಯಾವುದನ್ನು ಮುಂದೆ ಇಟ್ಟುಕೊಂಡಿದ್ದಾನೋ ಅದೇ ಅಮೂಲ್ಯ. ಸರಳವಾದ ಈ ಊಹೆ ಬಹುಪಾಲು ಸರಿ. ತಪ್ಪುವುದು, ಒಂದೇ ಕೆಲಸಕ್ಕೆ ಎರಡು ಆ್ಯಪ್ ಬೇಕಾದಾಗ.

ಇತ್ಯರ್ಥವಾಗದೆ ಉಳಿದದ್ದು

ಬೇಲಿಯೊಳಗೆ ಸಾವು ಬಂದಾಗ ಒಬ್ಬನೇ ಸಾಯಬೇಕೆ, ಮನೆಯವರೆಲ್ಲರೂ ಸಾಯಬೇಕೆ ಎಂಬುದು ತೀರ್ಮಾನವಾಗಿಲ್ಲ. ರೋಮನ್ ಗುಶ್ಚಿನ್ 2017ರಲ್ಲಿ ಗುಂಪುಗಳನ್ನೇ ಹೋಲಿಸಿ ಬಲಿ ಆರಿಸುವ ವ್ಯವಸ್ಥೆ ಮುಂದಿಟ್ಟಾಗ ರಿಯೆಂಟ್‌ಜೆಸ್ ಮೊದಲಾದವರೊಂದಿಗೆ ನಡೆದ ದೀರ್ಘ ಜಟಾಪಟಿಯ ಕೊನೆಗೆ 4.19ರಲ್ಲಿ ಉಳಿದದ್ದು ಗುಂಪಿಗೆ ಗುಂಪೇ ಸಾಯಲಿ ಎಂದು ಹೇಳಬಲ್ಲ ಒಂದು ಗುಂಡಿ ಮಾತ್ರ. ಕುಬರ್ನೆಟಿಸ್ 1.28 ಆ ಗುಂಡಿಯನ್ನು ತಾನೇ ಒತ್ತಿತು. ಒಂದು ಮರಿ ಸತ್ತರೆ ತಾನು ಸುಧಾರಿಸಿಕೊಳ್ಳಬಲ್ಲೆ ಎನ್ನುವ ಪ್ರೋಗ್ರಾಮುಗಳವರು ದೂರಿದ ಮೇಲೆ 1.32ರಲ್ಲಿ ಹಳೆಯ ನಡೆಗೆ ಮರಳುವ ಆಯ್ಕೆ ಕೊಡಬೇಕಾಯಿತು. ಇಬ್ಬರು ಒಂದೇ ಫೈಲ್ ಓದಿದರೆ ಆ ಪುಟದ ಬಾಡಿಗೆ ಯಾರ ಖಾತೆಗೆ? ಈಗಿನ ನಿಯಮದಂತೆ ಮೊದಲು ಮುಟ್ಟಿದವರ ಖಾತೆಗೆ. ಎರಡನೆಯವನು ಬಿಟ್ಟಿ ಉಣ್ಣುತ್ತಾನೆ. ಕೊಲ್ಲುವ ಬದಲು ನಿಧಾನ ಮಾಡೋಣ ಎಂದು ಬಂದ ಮೆಮೊರಿ ಹೈ ಎಂಬ ಮಿತಿ, ಕೆಲವು ಪ್ರೋಗ್ರಾಮುಗಳನ್ನು ಸಾಯಿಸದೆ, ಬದುಕಗೊಡದೆ, ತೆವಳುತ್ತ ಇಡುತ್ತದೆ. ನಿಂತ ಪ್ರೋಗ್ರಾಮನ್ನು ಮತ್ತೆ ಎಬ್ಬಿಸಬಹುದು. ತೆವಳುವುದನ್ನು ಯಾವಾಗ ಸತ್ತಿತೆನ್ನಬೇಕು?

ತೀರ್ಮಾನದ ಸೂತ್ರವನ್ನೇ ಬಿಪಿಎಫ್ ಎಂಬ ಚಿಕ್ಕ ಪ್ರೋಗ್ರಾಮುಗಳ ಮೂಲಕ ಯಂತ್ರದ ಒಡೆಯರೇ ಕರ್ನಲ್‌ಗೆ ಬರೆದುಕೊಡಲಿ ಎಂಬ ಪ್ರಸ್ತಾವಗಳು 2023ರಿಂದ ಬರುತ್ತಿವೆ. ಈ ಲೇಖನದ ವಾದಕ್ಕೆ ಅದು ಹತ್ತಿರದ ದಾರಿ, ಆದರೆ ಮೆಮೊರಿ ಮುಗಿದು ಉಸಿರುಕಟ್ಟಿರುವಾಗ ಆ ಸೂತ್ರ ಓಡಲು ಬೇಕಾದ ಮೆಮೊರಿ ಎಲ್ಲಿಂದ ಎಂಬುದು ಹಾಸ್ಯದ ಪ್ರಶ್ನೆಯೇನಲ್ಲ.

ಇದರ ನಡುವೆ ಜಗಳ ಹೊಸ ಮನೆಗೆ ಬಂದಿದೆ. ಎಐ ಮಾದರಿಗಳನ್ನು ಓಡಿಸುವ ಜಿಪಿಯುಗಳಲ್ಲಿ ಮೆಮೊರಿ ದುಬಾರಿ, ಸಾಮಾನ್ಯ ಹಂಚಿಕೆಯಲ್ಲಿ ಸಾಲವಿಲ್ಲ. ಕೇಳಿದ್ದು ಇಲ್ಲದಿದ್ದರೆ ಪ್ರೋಗ್ರಾಮಿಗೆ ಅಲ್ಲೇ ಎರರ್. ಹಾಸಿಗೆ ಪಂಥ ಅಲ್ಲಿ ಮತ್ತೆ ಗದ್ದುಗೆ ಏರಿದೆ. ಆದರೆ 2023ರಲ್ಲಿ ಬಂದ ವಿಎಲ್‌ಎಲ್‌ಎಂ ಎಂಬ ತಂತ್ರಾಂಶ ಆ ಮೆಮೊರಿಯನ್ನೂ ಆಪರೇಟಿಂಗ್ ಸಿಸ್ಟಮ್‌ನ ಹಾಗೆ ಪುಟಗಳಾಗಿ ಕತ್ತರಿಸಿ, ಹಿಡಿಸುವುದಕ್ಕಿಂತ ಹೆಚ್ಚು ಜನರ ಪ್ರಶ್ನೆಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಉತ್ತರಗಳು ಉದ್ದವಾಗುತ್ತ ಹೋಗಿ ಪುಟ ಮುಗಿದಾಗ ಯಾರನ್ನಾದರೂ ಹೊರಗೆ ಕಳಿಸಬೇಕು. ಅದರ ನಿಯಮದಲ್ಲಿ ಮೊದಲು ಎದ್ದು ಹೋಗಬೇಕಾದವರು ಎಲ್ಲರಿಗಿಂತ ಕೊನೆಗೆ ಬಂದವರು.